ತೈಲ, ಸಾಲ ಮತ್ತು ಒಂದು ಎಂ.ಎ. ಪದವಿ

ಪದವಿ ಮುಗಿಸಿದ ಮಗಳು ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವೆನೆಂದಾಗ, 'ಅದರಿಂದ ಏನು ಕೆಲಸ ಸಿಕ್ಕೀತು?' ಎಂದು ನಾವು ಕೇಳುತ್ತೇವೆ. ಪ್ರಶ್ನೆ ತಪ್ಪಲ್ಲ. ಆದರೆ ನಮ್ಮ ಕರಾವಳಿಯ ಅದೆಷ್ಟೋ ಮನೆಗಳ ಒಲೆ ಉರಿದದ್ದು ಕೊಲ್ಲಿಯ ಸಂಬಳದಿಂದ. ಆ ಬಾಗಿಲು ಅಗಲವಾಗಿ ತೆರೆದದ್ದು 1973-74ರಲ್ಲಿ ತೈಲಬೆಲೆ ಸುಮಾರು ನಾಲ್ಕು ಪಟ್ಟು ಏರಿದ ಬಳಿಕ. ಅದು ಯುದ್ಧದ ಫಲವೇ, ಮಾರುಕಟ್ಟೆಯ ಫಲವೇ? ಎರಡನ್ನೂ ಬೇರ್ಪಡಿಸಲಾಗದು ಎಂಬಲ್ಲಿಂದಲೇ ಈ ಶಾಸ್ತ್ರ ಆರಂಭವಾಗುತ್ತದೆ. ಅರ್ಥಶಾಸ್ತ್ರಜ್ಞರೂ ಅಂತಾರಾಷ್ಟ್ರೀಯ ಸಂಬಂಧಗಳ ವಿದ್ವಾಂಸರೂ ಪರಸ್ಪರರನ್ನು ಕಡೆಗಣಿಸಿದ್ದಾರೆಂದು ಬ್ರಿಟನ್ನಿನ ಸೂಸನ್ ಸ್ಟ್ರೇಂಜ್ 1970ರಲ್ಲೇ ಆಕ್ಷೇಪಿಸಿದ್ದರು.

ಇನ್ನೊಂದು ಉದಾಹರಣೆ. 1991ರಲ್ಲಿ ನಮ್ಮ ದೇಶ ಚಿನ್ನ ಅಡವಿಟ್ಟಿತು, ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದಲೂ ಸಾಲ ಪಡೆಯಿತು. ಆ ನಿಧಿಯ ಅತಿಮುಖ್ಯ ನಿರ್ಣಯಗಳಿಗೆ ಶೇ. 85 ಮತ ಬೇಕು. ಅಮೆರಿಕವೊಂದರ ಬಳಿಯೇ ಶೇ. 16ಕ್ಕೂ ಮಿಕ್ಕಿ ಮತವಿದೆ. ಅದು ಬೇಡವೆಂದರೆ ಮುಗಿಯಿತು! ಈ ಲೆಕ್ಕ ಕೂಡಿಸಲು ಪದವಿ ಬೇಕಿಲ್ಲ. ನಿಯಮ ಹೀಗೇಕಾಯಿತೆಂದು ತಿಳಿಯಲು 1944ರ ಬ್ರೆಟನ್ ವುಡ್ಸ್ ಸಮ್ಮೇಳನದಿಂದ ಓದಬೇಕು.

ವ್ಯಾಸಂಗ ಸುಲಭವಲ್ಲ. ಸಂಖ್ಯಾಶಾಸ್ತ್ರಕ್ಕೆ ಅಂಜುವವರೂ ಇತಿಹಾಸಕ್ಕೆ ಬೇಸರಪಡುವವರೂ ಇಲ್ಲಿ ಎಡವುತ್ತಾರೆ. ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಜಾಗತಿಕ ಆರ್ಥಿಕತೆಯನ್ನು ವಿಶೇಷ ವಿಷಯವಾಗುಳ್ಳ ಅರ್ಥಶಾಸ್ತ್ರ ಎಂ.ಎ. ಇದೆ. ಮದುವೆಯ ಮಾತು ತೆಗೆಯುವ ಮುನ್ನ ಮಗಳೊಡನೆ ಅದರ ಪಠ್ಯಕ್ರಮವನ್ನೊಮ್ಮೆ ಓದೋಣ.