ತೋಳಿನ ಕಡ್ಡಿ ಮತ್ತು ನಮ್ಮ ಅಕ್ಕತಂಗಿಯರ ಹಕ್ಕು

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)



ಮಡ್ಕಯಿಯ ಕೈಗಾರಿಕಾ ವಸಾಹತಿಗೆ ದುಡಿಯಲು ಬಂದ ನಮ್ಮ ಕನ್ನಡದ ಮಂದಿ ನಡುವೆ ಗರ್ಭನಿರೋಧಕದ ಮಾತು ಎತ್ತಿದರೆ ಕೆಲವರಿಗೆ ಮುಜುಗರ ಆದೀತು. ಆದರೂ ಹೇಳ್ತೀನಿ. ಬಾಬಾಸಾಹೇಬರಿಗೆ ಈ ಮುಜುಗರ ಇರಲಿಲ್ಲ. 1938ರ ನವೆಂಬರ್ 10ರಂದು ಮುಂಬಯಿ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣದ ನಿರ್ಣಯ ಬಂತು. ಬಾಬಾಸಾಹೇಬರ ಪರವಾಗಿ ಅದನ್ನು ಮಂಡಿಸಿದವರು ಅವರ ಸ್ವತಂತ್ರ ಕಾರ್ಮಿಕ ಪಕ್ಷದ ಪಿ.ಜೆ. ರೋಹಮ್. ಆ ದಿನ ನಿರ್ಣಯ ಬಿದ್ದುಹೋಯಿತು. ಆದರೆ ಹೆಣ್ಣಿನ ದೇಹದ ಪ್ರಶ್ನೆ ನಮ್ಮ ಚಳವಳಿಯದೂ ಹೌದು ಅನ್ನೋದು ಅಂದೇ ದಾಖಲಾಯಿತು.

ಈಗ ತೋಳಿಗೆ ಹಾಕುವ ಕಡ್ಡಿ ಬಂದಿದೆ. ಕೇಂದ್ರ ಸರ್ಕಾರ ಕೆಲವು ರಾಜ್ಯಗಳಲ್ಲಿ ಇದನ್ನು ಕುಟುಂಬ ಯೋಜನೆಗೆ ಸೇರಿಸಿದೆ. ಕರ್ನಾಟಕದಲ್ಲಿ ಮೊದಲು ಆಯ್ದುಕೊಂಡ ಜಿಲ್ಲೆಗಳಲ್ಲಿ ಬೀದರ್, ಯಾದಗಿರಿ ಇವೆ. ದುಡಿಮೆಗೆಂದು ಊರು ಬಿಡುವವರ ಜಿಲ್ಲೆಗಳು ಇವು. ಊರಲ್ಲಿ ಕಡ್ಡಿ ಹಾಕಿಸಿಕೊಂಡ ತಂಗಿ ನಾಳೆ ಗೋವಾಕ್ಕೆ ಬಂದರೆ, ಇಲ್ಲಿ ತೊಂದರೆಯಾದಾಗ ಯಾರನ್ನು ಕೇಳಬೇಕು? ನನ್ನ ಚಿಂತೆ ಇದು.

ಕಡ್ಡಿ ಅಂದ್ರೆ ಬೆಂಕಿಕಡ್ಡಿಯಷ್ಟು, 4 ಸೆಂ.ಮೀ. ಉದ್ದ. ಒಳಗೆ 68 ಮಿ.ಗ್ರಾಂ. ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೋಳಿನ ಒಳಭಾಗದಲ್ಲಿ, ಚರ್ಮದ ಕೆಳಗೆ ಇಡ್ತಾರೆ. 3 ವರ್ಷ ಕೆಲಸ ಮಾಡುತ್ತೆ. ನೂರು ಹೆಂಗಸರಲ್ಲಿ ವರ್ಷಕ್ಕೆ ಒಬ್ಬರಿಗೂ ಗರ್ಭ ನಿಲ್ಲೋದು ಅಪರೂಪ. ಒಳ್ಳೆಯ ಸಾಧನವೇ. ಆದರೆ ಎಚ್‌ಐವಿ ತಡೆಯಲ್ಲ, ಅದಕ್ಕೆ ಕಾಂಡೋಮೇ ಬೇಕು.

ಹೆಚ್ಚು ಕಾಡೋದು ಮುಟ್ಟಿನ ಏರುಪೇರು. ಕೆಲವರಿಗೆ ಮುಟ್ಟು ನಿಂತೇ ಹೋಗುತ್ತೆ. ಹೊಟ್ಟೆಯೊಳಗೆ ಕೆಟ್ಟ ರಕ್ತ ಕೂಡುತ್ತೆ ಅಂತ ಹೆದರಬೇಡಿ, ಹಾಗೇನೂ ಆಗಲ್ಲ. ಕೆಲವರಿಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪ ರಕ್ತ ಹೋಗ್ತಾ ಇರುತ್ತೆ. ಎಷ್ಟೋ ಜನರಿಗೆ ಮೊದಲ ಕೆಲವು ತಿಂಗಳಾದ ಮೇಲೆ ಕಡಿಮೆಯಾಗುತ್ತೆ, ಎಲ್ಲರಿಗೂ ಅಲ್ಲ. ತಡೆದುಕೊಂಡೇ ಕೂರಬೇಕಿಲ್ಲ. ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಕೆಲವೇ ದಿನ ಕೊಟ್ಟು ಅಥವಾ ತಕ್ಕವರಿಗೆ ಗರ್ಭನಿರೋಧಕ ಗುಳಿಗೆ ಕೊಟ್ಟು ಡಾಕ್ಟರು ಹತೋಟಿಗೆ ತರಬಲ್ಲರು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಮೊದಲೇ ಹೇಳಬೇಕು. ರಕ್ತ ಹೋಗ್ತಾ ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ತಲೆನೋವು, ಮೊಡವೆ, ಎದೆ ನೋವು, ತೂಕ ಏರೋದು, ಮನಸ್ಸು ಕುಗ್ಗೋದು ಕೂಡ ಆಗಬಹುದು. ಮನಸ್ಸಿನ ಮಾತನ್ನು "ನಾಟಕ" ಅಂತ ತಳ್ಳಿಹಾಕಬೇಡಿ.

ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು ಕಡ್ಡಿಯ ಶಕ್ತಿ ಕುಗ್ಗಿಸುತ್ತವೆ. ಆ ಔಷಧ ಶುರುವಾದರೆ ತೋಳಲ್ಲಿ ಕಡ್ಡಿ ಇದೆ ಅಂತ ತಿಳಿಸಲೇಬೇಕು. ಕಡ್ಡಿ ಹಾಕಿದ ಜಾಗ ಕೆಂಪಗಾಗಿ ಕೀವಾದರೆ, ಕೈಗೆ ಕಡ್ಡಿ ಸಿಗದಿದ್ದರೆ, ವಿಪರೀತ ರಕ್ತ ಹೋದರೆ, ಕಣ್ಣು ಹಳದಿಯಾದರೆ, ಗರ್ಭದ ಅನುಮಾನದ ಜೊತೆ ಕಿಬ್ಬೊಟ್ಟೆ ನೋವು ಬಂದರೆ ಕಾಯಬೇಡಿ. ಫೋಂಡಾದ ಉಪಜಿಲ್ಲಾ ಆಸ್ಪತ್ರೆ ಹತ್ತಿರ ಇದೆ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿದೆ.

ಅಣ್ಣತಮ್ಮಂದಿರೇ, ಒಂದು ಮಾತು ನಿಮಗೆ. ಒಂದೇ ಖೋಲಿ, ಹತ್ತು ಮನೆಗೆ ಒಂದು ಪಾಯಖಾನೆ. ಅಲ್ಲಿ ಇಪ್ಪತ್ತು ದಿನ ರಕ್ತ ಹೋಗೋ ಹೆಣ್ಣಿಗೆ "ಒಲೆ ಮುಟ್ಟಬೇಡ, ದೂರ ಕೂಡು" ಅಂದ್ರೆ ಅವಳು ಎಲ್ಲಿಗೆ ಹೋಗಬೇಕು? ಮೈಲಿಗೆ ಅಂತ ನಮ್ಮನ್ನು ಕೇರಿಯಾಚೆ ಇಟ್ಟವರ ಮಾತನ್ನೇ ನಾವು ನಮ್ಮ ಮನೆಯೊಳಗೆ ಆಡ್ತಾ ಇದ್ದೀವಲ್ಲ! ಅದನ್ನು ಬಿಟ್ಟು, ಒಂದು ದಿನದ ಪಗಾರ ಹೋದರೂ ಆಸ್ಪತ್ರೆಗೆ ಜೊತೆಗೆ ಹೋಗಿ.

ಕೊನೆಯದಾಗಿ ಹಕ್ಕಿನ ಮಾತು. ಆಂಧ್ರದಲ್ಲಿ ಗರ್ಭನಿರೋಧಕ ಇಂಜೆಕ್ಷನ್ ಪ್ರಯೋಗವನ್ನು ಬಡ ಹೆಂಗಸರ ಮೇಲೆ ಸರಿಯಾಗಿ ತಿಳಿಸದೆ ನಡೆಸುತ್ತಿದ್ದಾರೆಂದು ಮಹಿಳಾ ಸಂಘಟನೆಗಳು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವು. ಅದನ್ನು ಮರೆಯಬಾರದು. ಹಾಕುವ ಮೊದಲೇ ಅಡ್ಡ ಪರಿಣಾಮ ಹೇಳಬೇಕು. ಬೇಡ ಅನ್ನಿಸಿದ ದಿನ ತೆಗೆಯಬೇಕು. "3 ವರ್ಷ ಇಟ್ಟುಕೊಳ್ಳಲೇಬೇಕು" ಅನ್ನುವ ಅಧಿಕಾರ ಗಂಡನಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಆದರೆ ಬ್ಲೇಡು ಹಿಡಿದು ಮನೆಯಲ್ಲಿ ತೆಗೆಯೋಕೆ ಹೋಗಬೇಡಿ. ತೆಗೆಯೋದನ್ನು ಕಲಿತವರೇ ತೆಗೀಬೇಕು. ತೆಗೆದ ಮೇಲೆ ಬೇಗನೆ ಗರ್ಭ ನಿಲ್ಲಬಹುದು, ಬೇಡವಾದರೆ ಬೇರೆ ಸಾಧನ ಕೂಡಲೇ ಶುರುಮಾಡಿ.

ಕಡ್ಡಿ ಹಾಕಿದ ತಾರೀಖಿನ ಚೀಟಿಯನ್ನು ಮೊಬೈಲಲ್ಲಿ ಫೋಟೋ ತೆಗೆದಿಡಿ. ಕೊಂಕಣಿ, ಮರಾಠಿ ಬರುವ ಇಬ್ಬರು ಹೆಣ್ಣುಮಕ್ಕಳನ್ನು ಸಂಘ ಗುರುತಿಸಲಿ, ಆಸ್ಪತ್ರೆಗೆ ಹೋಗುವವರ ಜೊತೆ ಅವರು ಹೋಗಲಿ. ಮುಂದಿನ ವಾರ್ಷಿಕೋತ್ಸವಕ್ಕೆ ನಾನು ಬಂದಾಗ ಇಷ್ಟಾಗಿದ್ದರೆ ಸಾಕು, ಹಾರ-ಶಾಲು ಬೇಡ.

ಜೈ ಭೀಮ್.