ಪೇಟೆ ಬಾಳು: ಲಾಭವೆಷ್ಟು, ನಷ್ಟವೆಷ್ಟು?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್ಸೆಸ್ಸೆಲ್ಸಿ ತನಕ ಓದಿದ ರೈತರು. ದೊಡ್ಡ ಭಾಷಣ ನಮಗೆ ಬರೋದಿಲ್ಲ. ಸಂಘದ ಸಾಧನೆಯನ್ನು ಕಾರ್ಯದರ್ಶಿಗಳು ಆಗಲೇ ವರದಿಯಲ್ಲಿ ಓದಿದ್ದಾರೆ. ನಾವು ಬೇರೊಂದು ವಿಷಯವನ್ನು ತಮ್ಮ ಮುಂದಿಡುತ್ತೇವೆ. ಈಚೆಗೆ ಯಾರ ಜಗಲಿಯಲ್ಲಿ ಕೂತರೂ ಒಂದೇ ಮಾತು: "ಪೇಟೆಗೆ ಹೋಗಿ ಮನೆ ಮಾಡ್ಬೇಕು ಕಣಪ್ಪ." ಮಕ್ಕಳ ಓದಿಗೆಂದು ಹೋಗುವವರು ಹಸು ಮಾರಿ ಹೋಗುತ್ತಾರೆ. ಹೀಗೇ ಆದರೆ ಸಂಘದ ಸುವರ್ಣ ಮಹೋತ್ಸವದ ಹೊತ್ತಿಗೆ ಡೈರಿಗೆ ಹಾಲು ಹಾಕೋರು ಯಾರು? ಅದಕ್ಕೇ ಈ ಲೆಕ್ಕವನ್ನು ಇವತ್ತು ಎಲ್ಲರೂ ಕೂಡಿ ಹಾಕೋಣ ಅಂತ.

ಮೇಲುಕೋಟೆ ಬೆಟ್ಟ ಕಾಣುವ ನಮ್ಮೂರಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ಹೋಗಿ ಬರುವ ದೂರದ ಪೇಟೆಗಳು. ನಾಲ್ಕೂ ಕಡೆ ನಂಟರಿದ್ದಾರೆ. 2001ರ ಜನಗಣತಿಯಲ್ಲಿ ಇವುಗಳಲ್ಲಿ ಒಂದೂ 25 ಸಾವಿರ ಜನರನ್ನು ಮುಟ್ಟಿರಲಿಲ್ಲ. ಆಮೇಲೆ ಬೆಳೆದಿವೆ, ಆದರೂ ಚಿಕ್ಕ ಪಟ್ಟಣಗಳೇ.

ಮೊದಲು ಅನುಕೂಲ ಹೇಳಬೇಕು. ತಾಲ್ಲೂಕು ಕಚೇರಿ, ಸಬ್‌ರಿಜಿಸ್ಟ್ರಾರ್ ಕಚೇರಿ, ಕೋರ್ಟು, ಬ್ಯಾಂಕು, ಆಸ್ಪತ್ರೆ, ಕಾಲೇಜು ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಬೆಂಗಳೂರಿನ ಬಾಡಿಗೆ ಇಲ್ಲಿಲ್ಲ. ಅಂಗಡಿಯವರಿಗೆ ನಮ್ಮ ಮುಖ ಗೊತ್ತು, ಕೈಯಲ್ಲಿ ದುಡ್ಡಿಲ್ಲದಿದ್ದರೂ ಉದ್ರಿ ಕೊಡುತ್ತಾರೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಒಂದು ಗಂಟೆಯೊಳಗೆ ಬಂದು ಸೇರಬಹುದು. ಇದೆಲ್ಲ ಸಣ್ಣ ಮಾತಲ್ಲ.

ಅನಾನುಕೂಲವೂ ಇದೆ. ಕಾಯಿಲೆ ಸ್ವಲ್ಪ ಜೋರಾದರೆ "ಮೈಸೂರಿಗೆ ಕರ್ಕೊಂಡೋಗಿ" ಅಂತ ಚೀಟಿ ಬರೆದುಕೊಡುತ್ತಾರೆ. ಡಿಗ್ರಿ ಮುಗಿಸಿದ ಹುಡುಗನಿಗೆ ಅಲ್ಲಿ ತಕ್ಕ ಕೆಲಸ ಸಿಗೋದು ಕಷ್ಟ. ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಸುದ್ದಿ ಅವರಿಗಿಂತ ಮುಂಚೆ ಮನೆ ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಊರಲ್ಲಿ ಮನೆಯದೇ ಆದ ಹಾಲು, ಸೊಪ್ಪು, ತೆಂಗಿನಕಾಯಿ, ರಾಗಿ ಪೇಟೆಯಲ್ಲಿ ದುಡ್ಡಿನ ಬಾಬ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ಪೇಟೆಗಳ ಕಥೆಯನ್ನೇ ಸ್ವಲ್ಪ ನೋಡಿ. ಶ್ರೀರಂಗಪಟ್ಟಣ 1610ರಲ್ಲಿ ರಾಜ ಒಡೆಯರ ಕೈಗೆ ಬಂದು ರಾಜಧಾನಿಯಾಯಿತು. 1799ರಲ್ಲಿ ಟಿಪ್ಪು ಸುಲ್ತಾನರು ಯುದ್ಧದಲ್ಲಿ ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಕೋಟೆ ಇತ್ತು, ರಂಗನಾಥಸ್ವಾಮಿ ಇದ್ದ, ಕಾವೇರಿ ಇದ್ದಳು. ಕೆಲಸ ಹೋಯಿತು, ಅದರ ಹಿಂದೆಯೇ ಜನವೂ ಹೋದರು. ಈಗ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯೂ ಬೈಪಾಸಿನಲ್ಲಿ ಊರ ಹೊರಗೇ ಹೋಗುತ್ತದೆ. ಅಲ್ಲಿ ಹಾದುಹೋಗುವ ಕಾರಿನವರಿಗೆ ಊರೊಳಗಿನ ಅಂಗಡಿ ಕಾಣೋದಿಲ್ಲ.

ಪಾಂಡವಪುರದವರನ್ನು ಕೇಳಿ. ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ಅರೆದಾಗ ಪೇಟೆಯಲ್ಲಿ ವ್ಯಾಪಾರ, ನಿಂತಾಗ ಹೋಟೆಲಿನ ಬೆಂಚೂ ಖಾಲಿ. ಕಾರ್ಖಾನೆ ಕೆಲವು ವರ್ಷ ನಿಂತೇ ಹೋಗಿತ್ತು. 2020ರಲ್ಲಿ ಸರ್ಕಾರ ಅದನ್ನು 40 ವರ್ಷದ ಗುತ್ತಿಗೆಗೆ ಖಾಸಗಿಯವರಿಗೆ ಕೊಟ್ಟ ಮೇಲೆ ಮತ್ತೆ ಕಬ್ಬು ಅರೆಯಿತು. ರೈತರ ಷೇರಿನಿಂದ ಎದ್ದ ಕಾರ್ಖಾನೆ ರೈತರ ಆಡಳಿತದಲ್ಲಿ ಉಳಿಯಲಿಲ್ಲ ಅನ್ನೋದನ್ನು ಸಹಕಾರಿಗಳಾದ ನಾವು ಮರೆಯಬಾರದು.

ಇನ್ನು ಕೆ.ಆರ್.ಪೇಟೆ, ನಾಗಮಂಗಲ. ಈ ಕಡೆಯ ಎಷ್ಟೋ ಕುಟುಂಬಗಳು ತಮ್ಮ ತಾಲ್ಲೂಕು ಪೇಟೆಯನ್ನು ದಾಟಿ ದುಡಿಮೆಗೆ ಮುಂಬಯಿ ಸೇರಿದ್ದವು. 2020ರ ಮೇ ತಿಂಗಳಲ್ಲಿ ಕೊರೊನಾ ಕಾಲಕ್ಕೆ ಅವರು ವಾಪಸ್ ಬಂದಾಗ ಕೈಹಿಡಿದದ್ದು ಹುಟ್ಟೂರು, ಊರಿನ ಅಂಗೈಯಗಲ ಜಮೀನು, ಕೊಟ್ಟಿಗೆಯ ಹಸು. ನಾಗಮಂಗಲದ ಮಟ್ಟಿಗೆ ಒಂದು ಒಳ್ಳೆಯ ಮಾತೂ ಹೇಳಬೇಕು. 1986ರಲ್ಲಿ ಆದಿಚುಂಚನಗಿರಿಯ ಮೆಡಿಕಲ್ ಕಾಲೇಜು ಬೆಳ್ಳೂರು ಕ್ರಾಸ್ ಹತ್ತಿರ ಆಯಿತು. ದೊಡ್ಡ ಆಸ್ಪತ್ರೆ ದೊಡ್ಡ ಊರಲ್ಲೇ ಇರಬೇಕು ಅಂತೇನಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ.

ಇದರಿಂದ ನಮಗೆ ತಿಳಿದದ್ದು ಇಷ್ಟೇ: ಚಿಕ್ಕ ಪೇಟೆ ಅನುಕೂಲ ಕೊಡುತ್ತದೆ, ಅನ್ನ ಕೊಡೋದು ಹಳ್ಳಿ. ಪೇಟೆಯ ಅಂಗಡಿ ನಡೆಯೋದೇ ನಮ್ಮ ಕಬ್ಬು, ಭತ್ತ, ರೇಷ್ಮೆಗೂಡು, ಹಾಲಿನ ದುಡ್ಡಿನಿಂದ. ನಾವೆಲ್ಲ ಗಂಟುಮೂಟೆ ಕಟ್ಟಿ ಅಲ್ಲಿಗೇ ಹೋದರೆ ನಾವೂ ಸೊರಗುತ್ತೇವೆ, ಪೇಟೆಯೂ ಸೊರಗುತ್ತದೆ.

ತಾಯಂದಿರ ವಿಷಯ ಬೇರೆಯಾಗಿ ಹೇಳಬೇಕು. ಇಲ್ಲಿ ಎರಡು ಹೊತ್ತು ಹಾಲು ಹಾಕುವ ಹೆಣ್ಣುಮಗಳಿಗೆ ಬಟವಾಡೆ ಆಕೆಯ ಖಾತೆಗೇ ಬರುತ್ತದೆ, ಸರ್ಕಾರದ ಪ್ರೋತ್ಸಾಹಧನವೂ ಬರುತ್ತದೆ. ಮಗುವಿಗೆ ಪುಸ್ತಕ ಬೇಕಾದರೆ ಯಾರನ್ನೂ ಕೇಳಬೇಕಾಗಿಲ್ಲ. ಹಸು ಮಾರಿ ಪೇಟೆಯ ಎರಡು ಕೋಣೆಯ ಮನೆ ಸೇರಿದರೆ ಉಪ್ಪಿಗೂ ಯಜಮಾನರ ಮುಂದೆ ಕೈ ಚಾಚಬೇಕು. ಲೆಕ್ಕ ಹಾಕುವಾಗ ಗಂಡಸರು ಇದನ್ನು ಬಿಟ್ಟುಬಿಡುತ್ತಾರೆ.

ಹಾಗಂತ ಹೋದವರನ್ನು ನಾವು ದೂರುವುದಿಲ್ಲ. ಮಗಳು ಕಾಲೇಜು ಓದಬೇಕು, ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು ಅಂದರೆ ಹೋಗದೆ ಏನು ಮಾಡುತ್ತಾರೆ? ಆದರೆ ಓದಿಗೆ ಬೇಕಾಗಿರೋದು ಪೇಟೆಯ ಮನೆಯೋ, ಹೊತ್ತಿಗೆ ಸರಿಯಾಗಿ ಬರುವ ಬಸ್ಸೋ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿಲ್ಲ. ಚಾರ್ಜಿಲ್ಲದಿದ್ದರೇನು, ಕಾಲೇಜಿನ ಹೊತ್ತಿಗೆ ಬಸ್ಸೇ ಇಲ್ಲದಿದ್ದರೆ?

ಆದ್ದರಿಂದ ಈ ಸಭೆಯಲ್ಲಿ ನಮ್ಮ ಮೂರು ಸೂಚನೆಗಳಿವೆ. ಒಂದು, ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ನಮ್ಮೂರಿಗೆ ಬಸ್ ಬೇಕೆಂದು ಸಂಘದಿಂದಲೇ ಠರಾವು ಮಾಡಿ ಸಾರಿಗೆ ಡಿಪೋಗೆ ಕೊಡೋಣ. ಒಬ್ಬೊಬ್ಬರೇ ಹೋದರೆ ಅರ್ಜಿ, ಎಲ್ಲ ಸದಸ್ಯರೂ ಹೋದರೆ ಒತ್ತಾಯ. ಎರಡು, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಹೆರಿಗೆ ಡಾಕ್ಟರು ಇರಬೇಕೆಂದು ಸುತ್ತಲ ಸಂಘಗಳನ್ನೂ ಸೇರಿಸಿಕೊಂಡು ಕೇಳೋಣ. ಮೂರು, ಪೇಟೆಗೆ ಹೋಗಲೇಬೇಕಾದವರು ಹಸುವನ್ನು ಸಂತೆಗೆ ಹೊಡೆಯುವ ಮುಂಚೆ ಒಂದು ಸಲ ಸಂಘಕ್ಕೆ ಹೇಳಿ. ಅಣ್ಣನೋ ತಮ್ಮನೋ ಪಕ್ಕದ ಮನೆಯವರೋ ಕಟ್ಟಿಕೊಂಡರೆ ಹಸುವೂ ಊರಲ್ಲೇ ಉಳಿಯುತ್ತದೆ, ಗೆಜ್ಜಲಗೆರೆ ಡೈರಿಗೆ ಹೋಗುವ ನಮ್ಮ ಹಾಲೂ ಇಳಿಯೋದಿಲ್ಲ.

ಪೇಟೆಗೆ ಹೋಗೋಣ, ಆದರೆ ಸಂತೆಗೆ ಹೋದ ಹಾಗೆ ಹೋಗೋಣ: ಮಾಲು ತಗೊಂಡು ಹೋಗಿ, ಬೇಕಾದ್ದು ತಗೊಂಡು, ದೀಪ ಹಚ್ಚೋ ಹೊತ್ತಿಗೆ ಮನೆಗೆ ಬರೋಣ. ಈ ಮಾತು ಸರಿ ಅನ್ನಿಸಿದರೆ ಠರಾವಿಗೆ ಕೈ ಎತ್ತಿ. ಇಲ್ಲ ಅನ್ನಿಸಿದರೆ ಎದ್ದು ನಿಂತು ಹೇಳಿ, ಕೇಳಲು ಸಿದ್ಧರಿದ್ದೇವೆ.

ಜೈ ಸಹಕಾರ, ಜೈ ಕರ್ನಾಟಕ.