ಮಾಂತ್ರಿಕರ ಊರಲ್ಲಿ ವಿಜ್ಞಾನಿಗೆ ಏನು ಕೆಲಸ?

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಥರದ ಆಟದಲ್ಲಿ ಒಬ್ಬ ವಿಜ್ಞಾನಿಯ ಪಾತ್ರ ಬೇಕು ಅಂದ್ರೆ ಅದರ ನಿಯಮ ಹೇಗಿರಬೇಕು? ಪುಣೆಯಲ್ಲಿ ನಮ್ಮದೊಂದು ಐದು ಜನರ ಗುಂಪಿದೆ. ಶನಿವಾರ ರಾತ್ರಿ ಆಡ್ತೀವಿ, ಆಟ ನಡೆಸೋದು ನಾನು. ಕೆಲವು ತಿಂಗಳಿಂದ ಈ ಪಾತ್ರವನ್ನ ನಾವೇ ಕಟ್ತಾ ಇದ್ದೀವಿ.

ಆಟ ಗೊತ್ತಿಲ್ಲದವರಿಗೆ ಒಂದು ನಿಮಿಷ. ತಾಳಮದ್ದಳೆ ನೋಡಿದ್ದೀರಾ? ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಒಬ್ಬರು ಕರ್ಣ, ಒಬ್ಬರು ಕೃಷ್ಣ. ಮಾತು ಅಲ್ಲೇ ಹುಟ್ಟಬೇಕು. ಇದೂ ಹೆಚ್ಚುಕಮ್ಮಿ ಹಾಗೇ. ಭಾಗವತರ ಜಾಗದಲ್ಲಿ ಆಟ ನಡೆಸೋ ಡಿಎಂ ಇರ್ತಾನೆ. ಆದರೆ ಇಲ್ಲಿ ಕಥೆ ಹೇಗೆ ಮುಗಿಯುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಪಾತ್ರ ಏನಾದರೂ ಕಷ್ಟದ ಕೆಲಸಕ್ಕೆ ಕೈ ಹಾಕಿದರೆ 20 ಮುಖದ ದಾಳ ಉರುಳಿಸ್ತೀವಿ. ಒಂದೊಂದು ಮುಖ ಬೀಳೋ ಸಾಧ್ಯತೆ ನೂರಕ್ಕೆ 5. ಈ ಲೆಕ್ಕ ಮುಂದೆ ಬೇಕಾಗುತ್ತೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಇದ್ದದ್ದು ಮೂರೇ ಕ್ಲಾಸು: ಯೋಧ, ಮಾಂತ್ರಿಕ, ಪುರೋಹಿತ. ಯಂತ್ರ ಮಾಡುವವನಿಗೆ ಪೂರ್ತಿ ಕ್ಲಾಸ್ ಸಿಕ್ಕಿದ್ದು 2004ರಲ್ಲಿ, ಎಬೆರಾನ್ ಅನ್ನೋ ಲೋಕದ ಪುಸ್ತಕದಲ್ಲಿ. ಹೆಸರು ಆರ್ಟಿಫಿಸರ್. ಐದನೇ ಆವೃತ್ತಿಗೆ ಅದು 2019ರಲ್ಲಿ ಬಂತು. ಪಾತ್‌ಫೈಂಡರ್ ಆಟದವರು 2021ರಲ್ಲಿ ಇನ್ವೆಂಟರ್ ಅಂತಾನೇ ಒಂದು ಕ್ಲಾಸ್ ಕೊಟ್ಟರು.

ಆರ್ಟಿಫಿಸರ್ ಆಡೋಕೆ ಮಜಾ ಇದೆ. ಆದರೆ ಒಳಗೆ ಇಣುಕಿದರೆ ಅದೇ ಮಂತ್ರಗಳ ಪಟ್ಟಿ. ಕೈಯಲ್ಲಿ ಸುತ್ತಿಗೆಯೋ ಇಕ್ಕಳವೋ ಇರಬೇಕು ಅನ್ನುತ್ತೆ ನಿಯಮ. ಬೆಂಕಿ ಮಂತ್ರವನ್ನ ನೀವು ಬೆಂಕಿ ಪಿಚಕಾರಿ ಅಂತ ವರ್ಣಿಸಬಹುದು. ನಮ್ಮ ಭಾಷೇಲಿ ಹೇಳೋದಾದರೆ ಬ್ಯಾಕೆಂಡ್ ಅದೇ, ಯುಐ ಮಾತ್ರ ಬೇರೆ.

ಇಲ್ಲೊಂದು ಪ್ರಶ್ನೆ ಬರುತ್ತೆ. ಫೈರ್‌ಬಾಲ್ ಮಂತ್ರ ಹಾಕಿದರೆ ಪ್ರತಿ ಸಲ 20 ಅಡಿ ಸುತ್ತಳತೆಯಲ್ಲಲ್ಲ, 20 ಅಡಿ ತ್ರಿಜ್ಯದಲ್ಲಿ ಸಿಡಿಯುತ್ತೆ, ಪ್ರತಿ ಸಲ 8 ದಾಳದ ಪೆಟ್ಟು. ಇಷ್ಟು ಕರಾರುವಾಕ್ಕಾಗಿ ನಡೆಯೋದಾದರೆ ಮಂತ್ರವೇ ವಿಜ್ಞಾನ ಅಲ್ವಾ? ಹೌದು. ಆ ಲೋಕದಲ್ಲಿ ಮಾಂತ್ರಿಕ ಅಂದ್ರೆ ಆಗಲೇ ಗೊತ್ತಿರೋದನ್ನ ಓದಿಕೊಂಡವನು. ಹಾಗಾದ್ರೆ ವಿಜ್ಞಾನಿಗೆ ಉಳಿಯೋ ಕೆಲಸ ಒಂದೇ: ಇನ್ನೂ ಯಾರಿಗೂ ಗೊತ್ತಿಲ್ಲದ್ದನ್ನ ತಿಳ್ಕೊಳ್ಳೋದು. ಕ್ಲಾಸಿನ ನಿಯಮ ಅಲ್ಲಿಂದ ಶುರುವಾಗಬೇಕು ಅನ್ನೋದು ನನ್ನ ವಾದ.

ಇದು ಬರೀ ತರ್ಕದ ಮಾತಲ್ಲ. ನಮ್ಮ ಗುಂಪಲ್ಲಿ ಒಬ್ಬಳು ಗೆಳತಿ ಇದ್ದಾಳೆ. ಓದಿದ್ದು ಕಾಮರ್ಸ್, ಕೆಲಸ ಪೇರೋಲ್‌ನಲ್ಲಿ. ವಿಜ್ಞಾನಿ ಪಾತ್ರ ಬೇಕು ಅಂತ ಮೊದಲು ಕೇಳಿದ್ದೇ ಅವಳು. ಆಟ ಶುರುವಾಯ್ತು ನೋಡಿ, ಇಬ್ಬರು ಎಂಜಿನಿಯರ್‌ಗಳು ಪ್ರತಿ ಸಲ ಅವಳ ಪರವಾಗಿ ಬಾಯಿ ಹಾಕೋದು. "ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿಸು, ಕೋಟೆ ಬಾಗಿಲು ಹಾರಿಸು." ಎರಡು ವಾರ ಆದಮೇಲೆ "ನಾನು ವಾಪಸ್ ಬಿಲ್ಲುಗಾರ್ತಿನೇ ಆಗ್ತೀನಿ ಬಿಡಿ" ಅಂದಳು.

ಯೋಧನ ಪಾತ್ರ ಮಾಡೋನಿಗೆ ಮೊದಲು ಟೇಬಲ್ ಎತ್ತಿ ತೋರ್ಸು ಅಂತ ನಾವು ಯಾರೂ ಕೇಳಲ್ಲ. ವಿಜ್ಞಾನಿ ಪಾತ್ರಕ್ಕೆ ಮಾತ್ರ ಕೆಮಿಸ್ಟ್ರಿ ಯಾಕೆ ಬೇಕು? ಅವಳಿಗಾಗಿ ಮೂರು ನಿಯಮ ಬರೆದೆವು.

ಮೊದಲನೆಯದು, ಊಹೆ. ವಿಜ್ಞಾನಿ ತನ್ನ ಸರದಿಯನ್ನ ಹೊಡೆಯೋಕೆ ಬಳಸದೆ ಒಂದು ಊಹೆ ಹೇಳಿ, ಅದನ್ನ ಪರೀಕ್ಷೆ ಮಾಡಬೇಕು. ಅವಳು ಹೇಳಿದ್ದು: "ಈ ಪ್ರಾಣಿಗೆ ಕಣ್ಣು ಕಾಣಲ್ಲ, ಸದ್ದು ಕೇಳ್ಕೊಂಡು ಬರ್ತಿದೆ. ಆ ಮೂಲೆಗೆ ಕಲ್ಲು ಎಸೀತೀನಿ." ಊಹೆ ಸರಿಯಾದರೆ ಆ ಕಾಳಗ ಮುಗಿಯೋವರೆಗೂ ಇಡೀ ತಂಡದ ದಾಳಕ್ಕೆ 2 ಸೇರುತ್ತೆ. ತಪ್ಪಾದರೆ ಡಿಎಂ ಒಂದು ನಿಜ ಹೇಳಲೇಬೇಕು. ನಾನು ಹೇಳಿದೆ: "ಕಲ್ಲಿನ ಕಡೆ ತಿರುಗಲಿಲ್ಲ. ಆದರೆ ನೀನು ಕೈ ಬೀಸಿದ ಗಾಳಿಗೆ ತಲೆ ಎತ್ತಿತು." ಊಹೆ ಬಿದ್ದುಹೋಯ್ತು, ಆದರೆ ಸರದಿ ದಂಡ ಆಗಲಿಲ್ಲ. ಇದಕ್ಕೆ ಡಿಗ್ರಿ ಬೇಡ. ತಿಂಗಳಾ ತಿಂಗಳಾ ಸಂಬಳದ ಲೆಕ್ಕದಲ್ಲಿ ತಪ್ಪು ಹುಡುಕೋಳಿಗೆ ಈ ಬುದ್ಧಿ ನಮಗಿಂತ ಚೆನ್ನಾಗೇ ಇದೆ.

ಸಿಡಿಮದ್ದಿಗೂ ಇದೇ ಉತ್ತರ. ಈ ಲೋಕದಲ್ಲಿ ಗಂಧಕ ಹಾಗೇ ಉರಿಯುತ್ತೆ ಅಂತ ನಿನ್ನ ಪಾತ್ರ ಎಲ್ಲಿ ನೋಡಿದೆ? ನೋಡಿಲ್ಲ ಅಂದ್ರೆ ಮೊದಲು ಪ್ರಯೋಗ ಮಾಡು.

ಎರಡನೆಯದು, ಮಾದರಿ. ಪಾತ್‌ಫೈಂಡರಿನ ಇನ್ವೆಂಟರ್ ತನ್ನ ಯಂತ್ರದಿಂದ ಅಪಾಯದ ಕೆಲಸ ಮಾಡಿಸಿದರೆ ಕೂಡಲೇ ದಾಳ ಹಾಕಬೇಕು. 2021ರ ನಿಯಮದಲ್ಲಿ 17 ಅಥವಾ ಹೆಚ್ಚು ಬಿದ್ದರೆ ಬಚಾವ್. ಅಂದ್ರೆ ನೂರಕ್ಕೆ 80 ಸಲ ಕೈಕೊಡುತ್ತೆ. ನಗು ಬರುತ್ತೆ, ಮಜಾ ಬರುತ್ತೆ. ಆದರೆ ಹತ್ತನೇ ಸಲವೂ ಅದೇ 80. ಅಷ್ಟು ಸಲ ಮಾಡಿ ಏನೂ ಕಲೀಲಿಲ್ಲವಾ ಇವನು?

ನಮ್ಮ ನಿಯಮದಲ್ಲಿ ಹೊಸ ಯಂತ್ರಕ್ಕೆ 5 ಅಥವಾ ಕಡಿಮೆ ಬಿದ್ದರೆ ಕೆಡುತ್ತೆ. ಕೆಟ್ಟರೂ ಸರಿ, ನಡೆದರೂ ಸರಿ, ಏನಾಯ್ತು ಅಂತ ನೋಟ್‌ಬುಕ್ಕಲ್ಲಿ ಒಂದು ಸಾಲು ಬರೆದರೆ ಮುಂದಿನ ಸಲ ಆ 5 ಇದ್ದದ್ದು 4 ಆಗುತ್ತೆ. ಅಪಾಯ 25ರಿಂದ 20, 15, 10, 5, ಆಮೇಲೆ ಸೊನ್ನೆ. ಐದು ಸಲ ಪರೀಕ್ಷೆ ಮಾಡಿದ್ದು ಗಟ್ಟಿ. ಬರೆಯದಿದ್ದರೆ ಇಳಿಯಲ್ಲ. ಡಾಕ್ಯುಮೆಂಟೇಶನ್ ಅಂದ್ರೆ ಓಡಿಹೋಗೋ ನಮ್ಮ ಎಂಜಿನಿಯರ್‌ಗಳೂ ಈಗ ನೋಟ್‌ಬುಕ್ ತಂದುಕೊಡ್ತಾರೆ!

ಮೂರನೆಯದು, ಹಂಚಿಕೆ. ಗಟ್ಟಿಯಾದ ಯಂತ್ರವನ್ನ ತಂಡದಲ್ಲಿ ಯಾರು ಬೇಕಾದರೂ ಬಳಸಬಹುದು. ಮಾಂತ್ರಿಕ ತನ್ನ ಫೈರ್‌ಬಾಲನ್ನ ಯೋಧನ ಕೈಗೆ ಕೊಡಲಾರ, ವಿಜ್ಞಾನಿ ಕೊಡಬಲ್ಲಳು. ಮಿತಿ ಬೇಕಲ್ಲ, ಅದಕ್ಕೆ ಪಾತ್ರದ ಬುದ್ಧಿಶಕ್ತಿಯ ಲೆಕ್ಕ: ಅಂಕ 16 ಇದ್ದರೆ ಆಟದ ಪ್ರಕಾರ ಸಿಗೋದು 3, ಹಾಗಾಗಿ ಒಂದು ಹೊತ್ತಿಗೆ ಮೂರೇ ಯಂತ್ರ. ಕಾರಣ ಸರಳ, ಮೇಂಟೆನೆನ್ಸ್ ಅವಳೇ ಮಾಡಬೇಕು.

ಆದರೆ ಹಂಚಬಹುದಾದ್ದನ್ನ ಕದಿಯಲೂಬಹುದು. ಇದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್‌ಗೆ ಕಬ್ಬಿಣದ ಕೊಳವೆ ಇತ್ತು. ಅದು ಹೆಚ್ಚು ಒತ್ತಡ ತಡೆದು ದೂರ ಹಾರ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ರಾಕೆಟ್‌ಗಳು ಇಂಗ್ಲೆಂಡಿನ ವುಲ್ವಿಚ್ ತಲುಪಿದವು. ವಿಲಿಯಂ ಕಾಂಗ್ರೀವ್ ಅವನ್ನ ನೋಡಿ ತನ್ನದೇ ರಾಕೆಟ್ ಮಾಡಿದ. 1806ರಲ್ಲಿ ಅವು ಫ್ರಾನ್ಸಿನ ಬೂಲೋನ್ ಮೇಲೆ ಬಿದ್ದವು. ಹಾಗಾಗಿ ನಮ್ಮ ಆಟದಲ್ಲೂ ಯಂತ್ರವನ್ನ ರಣದಲ್ಲಿ ಬಿಟ್ಟು ಓಡಿಬಂದರೆ ಮುಂದಿನ ಸಲ ಶತ್ರು ಕೈಯಲ್ಲೂ ಅದೇ ಇರುತ್ತೆ. ಈಗ ಪ್ರತಿ ಯಂತ್ರ ಹೊರಗೆ ತೆಗೆಯೋ ಮುಂಚೆ ಐದು ಜನ ಕೂತು ಚರ್ಚೆ ಮಾಡ್ತೀವಿ. ಆ ಚರ್ಚೆಯಲ್ಲಿ ಕೊನೇ ಮಾತು ಅವಳದ್ದು.

ನೀವೂ ಇಂಥ ಪಾತ್ರ ಕಟ್ಟೋದಾದರೆ ಪ್ರತಿ ನಿಯಮಕ್ಕೂ ಒಂದೇ ಪ್ರಶ್ನೆ ಹಾಕಿ: ಆಟದ ಶುರುವಲ್ಲಿ ಈ ಪಾತ್ರಕ್ಕೆ ಗೊತ್ತಿಲ್ಲದ್ದು ಆಟ ಮುಗಿಯೋ ಹೊತ್ತಿಗೆ ಗೊತ್ತಾಯ್ತಾ? ಇಲ್ಲ ಅಂದ್ರೆ ಅದು ಕನ್ನಡಕ ಹಾಕಿದ ಮಾಂತ್ರಿಕ ಅಷ್ಟೇ.